ಬೆನ್ನು ತೋರಿಸುವ ನಾಯಕ

ಪಾತ್ರ ಸಿದ್ಧವಾಗಿತ್ತು. ಅವನು ನಿಲ್ಲುವುದಕ್ಕೆ ಮಾತ್ರ ಜಾಗ ಇರಲಿಲ್ಲ. ಬಿಳಿ ಹಾಳೆಯ ನಡುವೆ ಸುಮ್ನೆ ನಗುತ್ತಾ ನಿಂತಿದ್ದ. ಗಿಡ್ಡ, ಗುಂಡಗಿನ ಮುದುಕ. ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ, ಹೆಗಲಿಗೆ ಬೈರಾಸು ಅನ್ನುವ ಟವಲು, ಕೈಯಲ್ಲಿ ಪಿಕ್ಕಾಸು. ಸುರಂಗ ತೋಡುವವನು. ಅವನನ್ನು ನಾಯಕ ಮಾಡಿ ಮೂರು ನಿಮಿಷದ ಅನಿಮೇಶನ್ ಮಾಡಬೇಕು ಅಂತ ಬಹಳ ದಿನದ ಆಸೆ. ಯಾರೂ ಹೇಳಿ ಮಾಡಿಸಿದ್ದಲ್ಲ, ದುಡ್ಡೂ ಇಲ್ಲ. ನನ್ನದೇ ಅಂತ ಒಂದು ಕೆಲಸ ಬೇಕಿತ್ತು, ಅಷ್ಟೇ. ಆದರೆ ಹಿನ್ನೆಲೆ ಬಿಡಿಸಲು ಕೂತಾಗ ಕೈ ಓಡಲಿಲ್ಲ.

ಕಾಸರಗೋಡಿನ ಹೊರಗಿನವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಸುರಂಗ ಅಂದರೆ ರೈಲು ಹೋಗುವಂಥದ್ದಲ್ಲ. ಗುಡ್ಡದ ಬದಿಯಲ್ಲಿ ಅಡ್ಡಕ್ಕೆ ಕೊರೆದ ನೀರಿನ ದಾರಿ. ಬಾವಿ ಕೆಳಗೆ ಇಳಿದರೆ ಇದು ಒಳಗೆ ಹೋಗುತ್ತದೆ. ನೀರಿನ ಒಸರು ಸಿಕ್ಕಿತೆಂದರೆ ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ಹರಿದು ಹೊರಗೆ ಬಂದು ಮಣ್ಣಿನ ಕೆರೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಮನೆಗೆ, ಅಡಿಕೆ ತೋಟಕ್ಕೆ. ಈ ಜಿಲ್ಲೆಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಆದರೂ ಮಾರ್ಚ್ ಬಂತೆಂದರೆ ನೀರಿಗೆ ಪರದಾಟ. ಮಳೆಯ ನೀರೆಲ್ಲ ಒಂದೋ ಹೊಳೆಗೆ ಓಡುತ್ತದೆ, ಇಲ್ಲವೇ ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಕಲ್ಲಿನ, ಗುಡ್ಡದೊಳಗೆ ಇಳಿದು ಕೂರುತ್ತದೆ. ಬಾಯಾರು, ಪೈವಳಿಕೆ, ಶೇಣಿ ಕಡೆಯ ಜನ ಆ ಕೂತ ನೀರನ್ನು ಹುಡುಕಿಕೊಂಡು ಗುಡ್ಡದೊಳಗೆ ಹೋದರು.

ಹೊಟ್ಟೆಪಾಡಿಗೆ ನಾನು ಬೇರೆಯವರ ಕಾರ್ಟೂನುಗಳಿಗೆ ಹಿನ್ನೆಲೆ ಬಿಡಿಸಿಕೊಡುತ್ತೇನೆ. ಊರಿನ ಮನೆಯಲ್ಲಿ ಕೂತೇ ಕೆಲಸ. 'ಹಳ್ಳಿ ಬೇಕು' ಅಂತ ಕೇಳಿದವರಿಗೆ ಹಳ್ಳಿ ಕಳಿಸಬೇಕು. ಒಮ್ಮೆ ಒಂದು ಸ್ಟುಡಿಯೋಕ್ಕೆ ನಮ್ಮ ಕಡೆಯ ಮನೆ ಬಿಡಿಸಿ ಕಳಿಸಿದ್ದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದ ತುಂಬ ಒಣಗಲು ಹಾಕಿದ ಅಡಿಕೆ, ಹಿಂದೆ ಎತ್ತರದ ಕಂಗುಗಳು, ಅಂದರೆ ಅಡಿಕೆ ಮರಗಳು. 'ಇದು ಹಳ್ಳಿ ಅಂತ ಅನ್ನಿಸುವುದಿಲ್ಲ' ಅಂತ ಉತ್ತರ ಬಂತು. ಅವರಿಗೆ ಬೇಕಾಗಿದ್ದು ಹುಲ್ಲಿನ ಗುಡಿಸಲು, ಎತ್ತಿನ ಗಾಡಿ, ಎರಡು ಗುಡ್ಡದ ನಡುವೆ ಒಂದು ಸೂರ್ಯ. ಬಿಡಿಸಿಕೊಟ್ಟೆ. ದುಡ್ಡು ಬಂತು, ಬೇಜಾರು ಹೋಗಲಿಲ್ಲ. ಅದಕ್ಕೇ ಈ ಮೂರು ನಿಮಿಷದಲ್ಲಿ ಒಂದು ಹುಲ್ಲುಕಡ್ಡಿಯೂ ಎಲ್ಲಿಂದಲೋ ಎತ್ತಿ ತಂದದ್ದಾಗಿರಬಾರದು ಅಂತ ಹಟ ಹುಟ್ಟಿತು.

ವಿಷು ಕಳೆದ ಮೇಲೆ ಬಾಯಾರಿನ ಸೋದರಮಾವನ ಮನೆಗೆ ಹೋದೆ. ಮಾವನ ತೋಟದ ಮೇಲಿನ ಗುಡ್ಡದಲ್ಲಿ ಹಳೆಯ ಸುರಂಗ ಇದೆ. ಈಗಲೂ ನೀರಿದೆ. ಅದನ್ನು ತೋಡಿದ ಅಜ್ಜ ಅಲ್ಲೇ ಕೆಳಗಿನ ಮನೆಯವರು. ಮಾವ ಹೇಳಿ ಕಳಿಸಿದ್ದರು, ಬೆಳಗ್ಗೆಯೇ ಬಂದು ಜಗಲಿಯಲ್ಲಿ ಕೂತಿದ್ದರು. ನಾನು ಸ್ಕೆಚ್ ಪುಸ್ತಕ ತೆಗೆದು ನನ್ನ ನಾಯಕನನ್ನು ತೋರಿಸಿದೆ. ಅಜ್ಜ ಪುಸ್ತಕವನ್ನು ದೂರ ಹಿಡಿದು ನೋಡಿದರು.

"ಯಾರು ಇದು?"

"ಸುರಂಗ ತೋಡುವವನು ಅಜ್ಜಾ."

"ಇಷ್ಟು ಗಿಡ್ಡ ಇದ್ದರೆ ಅವನಿಗೆ ಎಂತ ಕಷ್ಟ ಉಂಟು ಮಗಳೇ? ಆರಾಮಲ್ಲಿ ನಡೆದು ಹೋಗ್ತಾನೆ."

ಹೇಳಿ ಎದ್ದು ನಿಂತರು. ಜಗಲಿಯ ಮಾಡಿನ ಪಕ್ಕಾಸಿಗೆ ತಲೆ ತಾಗದ ಹಾಗೆ ಕತ್ತು ಬಗ್ಗಿಸಿಯೇ ಎದ್ದರು, ಅಷ್ಟು ಉದ್ದದ ಆಳು. ಕಾಲು ಉದ್ದ, ಕೈ ಉದ್ದ, ಎಪ್ಪತ್ತು ದಾಟಿದ ಮೇಲೂ ಸಪೂರ. ನನ್ನ ಕಥೆಗೆ ಬೇಕಾದ ಜಗಳ ಅಲ್ಲಿಯೇ ಕಂಡಿತು. ಉದ್ದದ ಮನುಷ್ಯ, ಗಿಡ್ಡದ ಸುರಂಗ. ಜಾಗಕ್ಕೆ ಸರಿಯಾಗಿ ಹೊಂದಿಕೊಂಡ ಪಾತ್ರ ನೋಡಲು ಚಂದ, ಆದರೆ ಅವನಿಗೆ ಮಾಡಲು ಏನೂ ಇರುವುದಿಲ್ಲ. ಜಾಗ ಅವನನ್ನು ಒಂದಿಷ್ಟು ಕಾಡಬೇಕು. ಹಳೆಯ ಗುಂಡಣ್ಣನನ್ನು ಅಲ್ಲಿಗೇ ಬಿಟ್ಟೆ. ಹೊಸಬನಿಗೆ ಉದ್ದಣ್ಣ ಅಂತ ಹೆಸರಿಟ್ಟೆ.

ಸುರಂಗದ ಬಾಯಿಯಲ್ಲಿ ಅಜ್ಜ ಮೇಣದ ಬತ್ತಿ ಹಚ್ಚಿದರು. ಟಾರ್ಚ್ ನನ್ನ ಹತ್ತಿರ ಇತ್ತು. ಆದರೂ ಬತ್ತಿ ಬೇಕೇ ಬೇಕಂತೆ. ಒಳಗೆ ಹೋದ ಹಾಗೆ ಉಸಿರಾಡುವ ಗಾಳಿ ಕಡಿಮೆಯಾಗುತ್ತದೆ. ಬೆಂಕಿ ಮಂಕಾಯಿತೋ, ತಿರುಗಿ ಹೊರಗೆ ಬರಬೇಕು. ಟಾರ್ಚಿಗೆ ಅದು ಗೊತ್ತಾಗುವುದಿಲ್ಲ. ತೋಡುವಾಗ ಇಬ್ಬರು ಇರುತ್ತಾರೆ, ಒಬ್ಬ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸುತ್ತಾನೆ. ಕೂಲಿ ಕೋಲಿನ ಲೆಕ್ಕ. ಒಂದು ಕೋಲು ಅಂದರೆ ಎರಡೂವರೆ ಅಡಿಯ ಹತ್ತಿರ. ಎಷ್ಟು ಕೋಲು ಒಳಗೆ ಹೋದರೋ ಅಷ್ಟಕ್ಕೆ ದುಡ್ಡು.

ಈ ಸುರಂಗ ಹೆಚ್ಚೆಂದರೆ ಐದೂವರೆ ಅಡಿ ಎತ್ತರ, ಅಗಲ ಎರಡಡಿ. ಕೆಲವು ಕಡೆ ಭುಜ ಎರಡೂ ಬದಿಗೆ ಉಜ್ಜುತ್ತದೆ. ಕಾಲಡಿ ತಣ್ಣಗೆ ನೀರು. ಮುಂದೆ ಬತ್ತಿ ಹಿಡಿದು ಅಜ್ಜ, ಹಿಂದೆ ನಾನು. ಸ್ವಲ್ಪ ಒಳಗೆ ಹೋದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ನನಗೆ ಕಾಣುತ್ತಿರುವುದು ಅಜ್ಜನ ಬೆನ್ನು ಮಾತ್ರ. ಎಷ್ಟು ಹೊತ್ತು ನಡೆದರೂ ಬೆನ್ನೇ.

ಪಾತ್ರ ರಚಿಸುವಾಗ ನಾವು ಒಂದು ಸುತ್ತುನೋಟದ ಹಾಳೆ ಮಾಡುತ್ತೇವೆ. ಎದುರಿನಿಂದ, ಮುಕ್ಕಾಲು ತಿರುಗಿದ ಹಾಗೆ, ಪಕ್ಕದಿಂದ, ಹಿಂದಿನಿಂದ. ಕಣ್ಣು, ಹುಬ್ಬು, ಬಾಯಿಯ ಮೇಲೆ ದಿನಗಟ್ಟಲೆ ಕೂರುತ್ತೇವೆ. ಹಿಂಬದಿಯನ್ನು ಕೊನೆಗೆ, ಮುಗಿಸಬೇಕಲ್ಲ ಅಂತ ಗೀಚುತ್ತೇವೆ. ಆದರೆ ಎರಡಡಿ ಅಗಲದ ಜಾಗದಲ್ಲಿ ಕ್ಯಾಮೆರಾ ಪಕ್ಕಕ್ಕೆ ನಿಲ್ಲಲು ಆಗುವುದೇ ಇಲ್ಲ. ಅನಿಮೇಶನ್‌ನಲ್ಲಿ ಕ್ಯಾಮೆರಾ ಎಲ್ಲಿ ಬೇಕಾದರೂ ಇಡಬಹುದು, ನಿಜ. ಗೋಡೆಯೊಳಗೆ ಇಟ್ಟು ಗೋಡೆ ಇಲ್ಲದ ಹಾಗೆಯೂ ತೋರಿಸಬಹುದು. ಹಾಗೆ ಮಾಡಿದರೆ ಇಕ್ಕಟ್ಟು ಅನ್ನುವುದೇ ಹೋಯಿತು, ಅಲ್ವಾ? ಉದ್ದಣ್ಣನನ್ನು ಹಿಂದಿನಿಂದಲೇ ತೋರಿಸುವುದು ಅಂತ ಅಲ್ಲೇ ತೀರ್ಮಾನ ಮಾಡಿದೆ. ಒಂದೇ ಒಂದು ಶಾಟ್‌ನಲ್ಲಿ ಇಡೀ ಗುಡ್ಡವನ್ನು ಅಡ್ಡಕ್ಕೆ ಸೀಳಿದ ಹಾಗೆ ತೋರಿಸುತ್ತೇನೆ. ಮೇಲೆ ಪಾರೆ, ಹುಲ್ಲು, ಗೇರು ಮರ. ನಡುವೆ ಸಣ್ಣ ಗೆರೆಯಂಥ ಸುರಂಗ, ಅದರ ತುದಿಯಲ್ಲಿ ಬಗ್ಗಿದ ಒಂದು ಆಕೃತಿ. ಆಗ ಮಾತ್ರ ಅವನ ಪಕ್ಕದ ನೋಟ ಬೇಕು, ಅದೂ ಉಗುರಿನಷ್ಟು ಗಾತ್ರದಲ್ಲಿ.

ಹಾಗಾಗಿ ಅವನ ಭಾವ ಎಲ್ಲ ಬೆನ್ನಿನಲ್ಲೇ ಕಾಣಬೇಕು. ದಣಿದರೆ ಭುಜದ ಮೂಳೆ ಇಳಿಯಬೇಕು. ಏನೋ ಸದ್ದು ಕೇಳಿಸಿದರೆ ಕತ್ತು ಒಂದಿಷ್ಟು ಓರೆಯಾಗಬೇಕು. ಅಜ್ಜ ನಡೆಯುವುದನ್ನು ನೋಡುತ್ತಾ ಇದ್ದೆ. ಅವರು ಸೊಂಟ ಬಗ್ಗಿಸುವುದಿಲ್ಲ, ಮೊಣಕಾಲು ಮಡಚಿ ಇಡೀ ಮೈಯನ್ನು ಕೆಳಗೆ ಇಳಿಸುತ್ತಾರೆ. ಮುಟ್ಟಾಳೆ ಮಾಡಿಗೆ ಆಗಾಗ ಸವರುತ್ತದೆ, ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಾನು ಅವರಿಗಿಂತ ಗಿಡ್ಡ, ಆದರೂ ಪೆಟ್ಟು ತಿಂದದ್ದು ನಾನೇ.

ಗೋಡೆಯ ವಿಷಯಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದು. ಮುರಕಲ್ಲು ನೆಲದೊಳಗೆ ಮೆತ್ತಗೆ ಇರುತ್ತದೆ, ಕಬ್ಬಿಣ ತಾಗಿಸಿದರೆ ಕಡಿಯಲು ಬರುತ್ತದೆ. ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಈ ಕಡೆಯೆಲ್ಲ ಸುತ್ತಾಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಮಲಬಾರಿನ ಕಲ್ಲಿನ ಬಗ್ಗೆ ಇದನ್ನೇ ಬರೆದಿದ್ದಾನೆ. ಇದರಿಂದ ಸುರಂಗದಲ್ಲಿ ಏನಾಗುತ್ತದೆ ಅಂದರೆ, ಪಿಕ್ಕಾಸಿನ ಒಂದೊಂದು ಏಟೂ ಗೋಡೆಯಲ್ಲಿ ಹಾಗೇ ಉಳಿಯುತ್ತದೆ. ಬತ್ತಿಯನ್ನು ಗೋಡೆಗೆ ಹತ್ತಿರ ಹಿಡಿದಾಗ ಸಾಲು ಸಾಲು ಗೀರುಗಳು ಎದ್ದು ಕಂಡವು. ಒಂದು ಕಡೆಯವರೆಗೆ ಗೀರು ಬಲಕ್ಕೆ ಇಳಿದಿವೆ. ಅಲ್ಲಿಂದ ಮುಂದೆ ಎಡಕ್ಕೆ.

"ಇಲ್ಲಿವರೆಗೆ ನನ್ನ ಭಾವ ಕಡಿದದ್ದು. ಮುಂದೆ ನಾನು," ಅಂದರು ಅಜ್ಜ. ಅವರದು ಎಡಗೈ.

ಸಾಮಾನ್ಯವಾಗಿ ಹಿನ್ನೆಲೆ ಒಬ್ಬರು ಬಿಡಿಸುತ್ತಾರೆ, ಪಾತ್ರ ಇನ್ನೊಬ್ಬರು. ಕೊನೆಗೆ ಒಂದರ ಮೇಲೆ ಒಂದು ಇಡುತ್ತಾರೆ. ಇಲ್ಲಿ ಹಿನ್ನೆಲೆಯನ್ನು ಪಾತ್ರವೇ ಮಾಡುತ್ತಾನೆ. ಅವನು ಒಂದು ಕೋಲು ಮುಂದೆ ಹೋದರೆ ಹಿನ್ನೆಲೆ ಒಂದು ಕೋಲು ಉದ್ದವಾಗುತ್ತದೆ. ಅವನ ಕೈ ಎಡಗೈಯಾದರೆ ಗೋಡೆಯೂ ಎಡಕ್ಕೆ ವಾಲುತ್ತದೆ. ಉದ್ದಣ್ಣನನ್ನೂ ಎಡಗೈಯವನನ್ನಾಗಿ ಮಾಡಿದೆ. ನೋಡುವವರಿಗೆ ಇದು ಗೊತ್ತಾಗಬೇಕೆಂದಿಲ್ಲ. ನನಗೆ ಗೊತ್ತಿದ್ದರೆ ಗೋಡೆ ಬಿಡಿಸುವಾಗ ಕೈ ತಡವರಿಸುವುದಿಲ್ಲ.

ಬಣ್ಣಕ್ಕೆ ಫೋನನ್ನು ನಂಬುವ ಹಾಗಿರಲಿಲ್ಲ. ಕತ್ತಲಲ್ಲಿ ಫೋಟೋ ತೆಗೆದರೆ ಅದು ತನ್ನಷ್ಟಕ್ಕೆ ಬೆಳಕು ಏರಿಸಿ ಸುರಂಗವನ್ನು ಹೋಟೆಲಿನ ಕಾರಿಡಾರ್ ಮಾಡಿಬಿಡುತ್ತದೆ. ಅದಕ್ಕೆ ಗೋಡೆಯ ಮಣ್ಣನ್ನೇ ಬೆರಳಿಗೆ ತಾಗಿಸಿ ಪುಸ್ತಕದ ಹಾಳೆಗೆ ಉಜ್ಜಿದೆ. ಬಾಯಿಯ ಹತ್ತಿರ ಇಟ್ಟಿಗೆ ಕೆಂಪು, ನಡುವೆ ಅರಸಿನ ಬೆರೆತ ಕಂದು, ತೀರಾ ಒಳಗೆ ಬಿಳಿ ಜೇಡಿ. ಮನೆಗೆ ಬಂದು ಸ್ಕ್ಯಾನ್ ಮಾಡಿ, ಕೃತಾದಲ್ಲಿ ಅದರಿಂದಲೇ ಬಣ್ಣ ಎತ್ತಿಕೊಂಡೆ. ಕೃತಾ ಚಿತ್ರ ಬಿಡಿಸುವ ಬಿಟ್ಟಿ ಸಾಫ್ಟ್‌ವೇರ್, ನನ್ನಂಥವರ ಪಾಲಿಗೆ ದೊಡ್ಡ ಉಪಕಾರ.

ಆದರೆ ಬಣ್ಣ ತೆಗೆದು ಬರೀ ಕಪ್ಪು ಬಿಳುಪಿನಲ್ಲಿ ನೋಡಿದಾಗ ಬೇರೆ ತೊಂದರೆ ಕಂಡಿತು. ಉದ್ದಣ್ಣನ ಕಪ್ಪು ಮೈ, ಹಿಂದಿನ ಕೆಂಪು ಗೋಡೆ, ಎರಡೂ ಒಂದೇ ಬೂದು. ಮನುಷ್ಯ ಮಾಯ. ಇದಕ್ಕೆ ಉತ್ತರ ಸುರಂಗದಲ್ಲೇ ಇತ್ತು. ಒಳಗಿನಿಂದ ತಿರುಗಿ ನೋಡಿದರೆ ಬಾಯಿ ದೂರದಲ್ಲಿ ತಣ್ಣಗಿನ ನೀಲಿ ಬೆಳಕಿನ ಸಣ್ಣ ಕಿಂಡಿ. ಆ ಬೆಳಕು ಅವನ ಬೆನ್ನಿಗೆ ಬೀಳುತ್ತದೆ. ಮುಂದಿನಿಂದ ಬತ್ತಿಯ ಹಳದಿ. ಒಂದು ಅಂಚು ನೀಲಿ, ಇನ್ನೊಂದು ಅಂಚು ಹಳದಿ, ನಡುವೆ ಕಪ್ಪು. ಅವನು ಒಳಗೆ ಹೋದ ಹಾಗೆ ನೀಲಿ ಕಡಿಮೆಯಾಗುತ್ತಾ ಬಂದು ಕೊನೆಗೆ ಹಳದಿ ಮಾತ್ರ. ಎಷ್ಟು ದೂರ ಬಂದ ಅಂತ ಬೇರೆ ಹೇಳುವುದೇ ಬೇಡ.

ಹಾಂ, ಬೈರಾಸು. ಮೊದಲ ಚಿತ್ರದಲ್ಲಿ ಚಂದದ ಚೌಕುಳಿ ಬೈರಾಸು ಹಾಕಿದ್ದೆ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ. ಮೂರು ನಿಮಿಷಕ್ಕೆ 2160. ಅವನು ಎಲ್ಲದರಲ್ಲೂ ಇದ್ದರೆ ಆ ಚೌಕುಳಿಯನ್ನು ಅಷ್ಟೂ ಸಲ, ಬಟ್ಟೆ ಮಡಿಸಿದ ಹಾಗೆ ಓರೆಕೋರೆಯಾಗಿ ಬಿಡಿಸಬೇಕು. ನನ್ನಿಂದಾಗದು. ಚೌಕುಳಿ ಹೋಯಿತು, ಅಂಚಿಗೆ ಒಂದು ಕೆಂಪು ಪಟ್ಟಿ ಉಳಿಯಿತು. ಮುಟ್ಟಾಳೆಗೆ ಕೈ ಹಾಕಲಿಲ್ಲ. ಇಡೀ ಆಕೃತಿಗೆ ಕಪ್ಪು ತುಂಬಿದರೂ, ಅಂಚೆ ಚೀಟಿಯಷ್ಟು ಚಿಕ್ಕದು ಮಾಡಿದರೂ, ಆ ಚೂಪು ಟೊಪ್ಪಿಯಿಂದ ಅವನು ಅವನೇ ಅಂತ ಗೊತ್ತಾಗುತ್ತದೆ.

ಒಳಗೆ ಬಾವಲಿಗಳಿದ್ದವು. ಜೊತೆಗಾರ ಪಾತ್ರವಾಗಿ ಒಂದು ಮುದ್ದು ಬಾವಲಿ ಇಡು ಅಂತ ಸ್ನೇಹಿತರು ಹೇಳಿದರು. ಬೇಡ. ಎಲ್ಲರ ಕಥೆಯಲ್ಲೂ ಒಂದು ಮುದ್ದು ಪ್ರಾಣಿ ಇದ್ದೇ ಇದೆ.

ಹೊರಗೆ ಬಂದು ಮಾವನ ಮನೆಯಲ್ಲಿ ಊಟ ಮುಗಿಸಿ, ಹೊಸ ಉದ್ದಣ್ಣನ ಗೀಚುಗಳನ್ನು ಅಜ್ಜನ ಮುಂದೆ ಇಟ್ಟೆ. ಈ ಸಲ ನಕ್ಕರು. ತಮ್ಮದೇ ಮೈ ಅಂತ ಗೊತ್ತಾಗಿರಬೇಕು. ಆಮೇಲೆ ಪಿಕ್ಕಾಸಿನ ಹಿಡಿಯ ಮೇಲೆ ಬೆರಳಿಟ್ಟರು.

"ಇಷ್ಟು ಉದ್ದದ ಕಾವು ಇಟ್ಟು ಒಳಗೆ ಬೀಸುವುದು ಹೇಗೆ? ಜಾಗ ಎಲ್ಲುಂಟು?"

ಎದ್ದು ಮಾಡಿಯೇ ತೋರಿಸಿದರು. ಒಳಗೆ ಪಿಕ್ಕಾಸನ್ನು ತಲೆಯ ಮೇಲೆ ಎತ್ತುವುದಿಲ್ಲ. ಗಿಡ್ಡ ಕಾವು, ಎದೆಯ ಹತ್ತಿರದಿಂದಲೇ ಮುಂದಕ್ಕೆ ಕುತ್ತುವುದು. ಏಟು ಸಣ್ಣದು, ಬೇಗ ಬೇಗ. ಫೋನಿನಲ್ಲಿ ಅದನ್ನು ವಿಡಿಯೋ ಮಾಡಿಕೊಂಡೆ. ದೊಡ್ಡದಾಗಿ ಎತ್ತಿ, ಒಂದು ಕ್ಷಣ ತಡೆದು ಬೀಸುವುದು ಅನಿಮೇಶನ್‌ನಲ್ಲಿ ನಮಗೆ ರೂಢಿ. ನೋಡುವವರಿಗೆ ಏಟಿನ ಭಾರ ಗೊತ್ತಾಗುವುದು ಹಾಗೆ. ಇಲ್ಲಿ ಅದು ನಡೆಯುವುದಿಲ್ಲ. ಭಾರವನ್ನೆಲ್ಲ ಉದುರುವ ಮಣ್ಣಿನಲ್ಲಿ ತೋರಿಸಬೇಕು.

ನೀರು ಸಿಗುವ ದೃಶ್ಯದ ಬಗ್ಗೆಯೂ ಕೇಳಿದೆ. ಬುಸ್ಸೆಂದು ಚಿಮ್ಮುತ್ತದಾ? ಹಾಗೇನಿಲ್ಲವಂತೆ. ಮೊದಲು ಮಣ್ಣು ಕೈಗೆ ತಂಪಾಗುತ್ತದೆ. ಆಮೇಲೆ ಅಂಟುತ್ತದೆ. ಗೋಡೆ ಬೆವರುತ್ತದೆ. ಹನಿ ಕಾಣುವುದು ಎಷ್ಟೋ ಹೊತ್ತಿನ ಮೇಲೆ. ಚಿಮ್ಮುವ ನೀರು ಬಿಡಿಸಲು ಬಹಳ ಕಷ್ಟ, ಹಾಗಾಗಿ ಈ ಉತ್ತರ ಕೇಳಿ ಒಳಗೊಳಗೇ ಖುಷಿಯಾಯಿತು ಅಂತ ಹೇಳಲೇಬೇಕು.

ಈಗ ಮಾದರಿ ಹಾಳೆಗಳು ಮುಗಿದಿವೆ. ಬಾಕಿ ಇದ್ದದ್ದು ಭಾಷೆ. ಸಪ್ತಭಾಷೆಯ ಊರು ಅಂತ ಹೆಸರು ಹೊತ್ತ ಕಡೆ ಉದ್ದಣ್ಣ ಯಾವ ಭಾಷೆ ಆಡಬೇಕು? ಮಾತಿಗೆ ತಕ್ಕ ಹಾಗೆ ತುಟಿ ಬಿಡಿಸುವುದೇ ದೊಡ್ಡ ಕೆಲಸ, ಭಾಷೆ ಬದಲಾದರೆ ಅದು ಕೂಡುವುದಿಲ್ಲ. ಆದರೆ ಇವನು ಮೂರು ನಿಮಿಷವೂ ನಮಗೆ ಬೆನ್ನು ಹಾಕಿಯೇ ಇರುವವನು. ತುಟಿ ಕಾಣುವುದೇ ಇಲ್ಲ! ಒಂದೇ ಚಿತ್ರಕ್ಕೆ ಕನ್ನಡ, ತುಳು, ಮಲಯಾಳ ಮೂರೂ ಕೂರಿಸಬಹುದು. ಕನ್ನಡಕ್ಕೆ ಮಾವ ದನಿ ಕೊಡುತ್ತಾರೆ. ಮಲಯಾಳಕ್ಕೆ ಇನ್ನೂ ಹುಡುಕಬೇಕು. ತುಳುವಿಗೆ ಅಜ್ಜನನ್ನೇ ಫೋನಿನಲ್ಲಿ ಕೇಳಿದೆ.

"ಮಾತಾಡ್ಲಿಕ್ಕೆ ಕೂಲಿ ಹೇಗೆ ಮಗಳೇ," ಅಂದರು, "ಕೋಲಿನ ಲೆಕ್ಕವಾ?"