ಒಂದು ಹಲ್ಲು ಸಿಕ್ಕರೆ ಮೀನಿನ ಕುಲ ಹೇಳಬಹುದೇ?

ಪಳೆಯುಳಿಕೆಗಳ ಬಗ್ಗೆ ಬರೆಯುವ ನನಗೆ ಓದುಗರು ಪದೇ ಪದೇ ಕೇಳುವ ಪ್ರಶ್ನೆಯಿದು: ಎಂಟು ಕೋಟಿ ವರ್ಷಗಳ ಹಿಂದಿನ ಬೇಟೆಗಾರ ಮೀನಿನ ಒಂದು ಹಲ್ಲೋ ಮೂಳೆಯ ತುಂಡೋ ಸಿಕ್ಕರೆ, ಅದು ಇಂಥದೇ ಮೀನು ಎಂದು ಹೇಗೆ ಹೇಳುತ್ತಾರೆ?

ತುಂಡನ್ನು ನೋಡಿ ಹೆಸರಿಡಬಹುದು. ಆದರೆ ಆ ಮೀನು ಯಾರ ಬಳಗಕ್ಕೆ ಸೇರಿದ್ದೆಂದು ಹೇಳಲು ಬರೀ ಹಲ್ಲು ಸಾಲದು. ಅಮೆರಿಕದ ಪಶ್ಚಿಮ ಭಾಗವನ್ನು ಅನ್ವೇಷಿಸಿದ ಲೂಯಿಸ್ ಮತ್ತು ಕ್ಲಾರ್ಕ್ ತಂಡ ತಂದಿದ್ದ ದವಡೆಯ ಚೂರೊಂದನ್ನು 1824ರಲ್ಲಿ ವಿಜ್ಞಾನಿ ರಿಚರ್ಡ್ ಹಾರ್ಲನ್ ಕಡಲ ಸರೀಸೃಪದ್ದೆಂದು ಭಾವಿಸಿ ಸಾರೊಸೆಫಾಲಸ್ ಎಂದು ಕರೆದರು. ಅದು ಮೀನಿನ ದವಡೆ! ಇನ್ನು ಎಂಕೋಡಸ್ ಎಂಬ ಕೋರೆಹಲ್ಲಿನ ಮೀನನ್ನು ಜನ ಇಂದಿಗೂ ಹೆರಿಂಗ್ ಎಂದೇ ಕರೆಯುತ್ತಾರೆ. ಆದರೆ ಅದರ ನೆಂಟಸ್ತಿಕೆ ಇರುವುದು ಲಿಜರ್ಡ್ ಫಿಶ್ ಎಂಬ ಬೇರೆಯೇ ಬಳಗದ ಮೀನುಗಳ ಜೊತೆ.

ಹಲ್ಲು ಎಷ್ಟು ದಾರಿ ತಪ್ಪಿಸಬಲ್ಲದೆಂದು ತಿಳಿಯಲು ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೇಸ್ ಊರಿನಲ್ಲಿರುವ ಸ್ಟರ್ನ್‌ಬರ್ಗ್ ಮ್ಯೂಸಿಯಮ್ಮಿನ ಒಂದು ಪಳೆಯುಳಿಕೆ ಸಾಕು. 1952ರಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಸುಣ್ಣದ ಬಂಡೆಯಿಂದ ಬಿಡಿಸಿದ, ಜಿಫಾಕ್ಟಿನಸ್ ಎಂಬ ಬೇಟೆಗಾರ ಮೀನು ಅದು. ಉದ್ದ ನಾಲ್ಕು ಮೀಟರಿಗೂ ಹೆಚ್ಚು. ಅದರ ಪಕ್ಕೆಲುಬುಗಳ ನಡುವೆ, ಆಳೆತ್ತರದ ಇನ್ನೊಂದು ಮೀನು ಇಡಿಯಾಗಿ ಮಲಗಿದೆ: ಗಿಲಿಕಸ್. ನುಂಗಿದ ಜಿಫಾಕ್ಟಿನಸ್‌ನ ದವಡೆಯಲ್ಲಿ ಸಣ್ಣವೂ ದೊಡ್ಡವೂ ಬೆರೆತ ಭಯಂಕರ ಕೋರೆಗಳು. ನುಂಗಿಸಿಕೊಂಡ ಗಿಲಿಕಸ್‌ನ ಹಲ್ಲುಗಳೋ ತೀರಾ ಪುಟ್ಟವು. ಹಲ್ಲಿನಿಂದಲೇ ವಿಂಗಡಿಸಿದ್ದರೆ ಇವೆರಡನ್ನೂ ದೂರ ದೂರ ಇಡಬೇಕಾಗುತ್ತಿತ್ತು. ವಾಸ್ತವದಲ್ಲಿ ಎರಡೂ ಇಕ್ತಿಯೊಡೆಕ್ಟಿಫಾರ್ಮಿಸ್ ಎಂಬ ಒಂದೇ ಗಣದವು!

ಆ ಬಳಗವನ್ನು ಹಿಡಿದಿಟ್ಟಿರುವ ಗುರುತುಗಳು ಕಣ್ಣಿಗೆ ಬೀಳುವಂಥವಲ್ಲ. ಮೂಗಿನ ಗುಳಿಯ ತಳದಲ್ಲಿ ಒಂದು ವಿಶಿಷ್ಟ ಮೂಳೆಯಿದೆ. ಬಾಲದ ಬುಡದಲ್ಲಿ ಕಶೇರುಗಳ ಪಕ್ಕವನ್ನು ಮುಚ್ಚುವ ನೀಳ ಮೂಳೆಗಳಿವೆ. 1977ರಲ್ಲಿ ಮೀನು ತಜ್ಞರಾದ ಕಾಲಿನ್ ಪ್ಯಾಟರ್ಸನ್ ಮತ್ತು ಡಾನ್ ರೋಸೆನ್ ಇಂಥ ಲಕ್ಷಣಗಳ ಮೇಲೆಯೇ ಈ ಗಣವನ್ನು ವ್ಯಾಖ್ಯಾನಿಸಿದರು. ಈ ಕ್ಷೇತ್ರದಲ್ಲಿ ನಾನು ಅತ್ಯಂತ ಗೌರವಿಸುವ ಕೆಲಸವದು. ಹಲ್ಲು, ಮೂತಿ, ಮೈಮಾಟ ಎಲ್ಲವೂ ಬೇಟೆಯ ಬದುಕಿಗೆ ತಕ್ಕಂತೆ ಮತ್ತೆ ಮತ್ತೆ ರೂಪುಗೊಳ್ಳುತ್ತವೆ. ಪ್ರೊಟೊಸ್ಫೈರೀನಾ ಎಂಬ ಅಳಿದುಹೋದ ಮೀನಿಗೂ ಇಂದಿನ ಕತ್ತಿಮೀನಿಗೂ ಚೂಪು ಮೂತಿಯಿದೆ, ಆದರೆ ಇಬ್ಬರ ವಂಶ ಬೇರೆ.

ಹೆಸರಿನ ವಿಷಯಕ್ಕೆ ಬೇರೆಯೇ ನಿಯಮ. ಪಳೆಯುಳಿಕೆ ತಜ್ಞ ಜೋಸೆಫ್ ಲೀಡಿ 1870ರಲ್ಲಿ ಜಿಫಾಕ್ಟಿನಸ್ ಎಂದು ಹೆಸರಿಟ್ಟದ್ದು ಈಜುರೆಕ್ಕೆಯ ಮುಳ್ಳಿನ ಒಂದು ತುಂಡಿಗೆ. ಮುಂದಿನ ವರ್ಷ ಇನ್ನೊಬ್ಬ ತಜ್ಞ ಎಡ್ವರ್ಡ್ ಕೋಪ್ ಅದೇ ಮೀನಿಗೆ ಪೋರ್ಥಿಯಸ್ ಎಂದು ಹೆಸರಿಟ್ಟರು. ಎರಡೂ ಒಂದೇ ಎಂದು ತಿಳಿದಾಗ ಮೊದಲು ಪ್ರಕಟವಾದ ಹೆಸರೇ ಉಳಿಯಿತು.

ಆದ್ದರಿಂದ ಮ್ಯೂಸಿಯಮ್ಮಿನಲ್ಲಿ ಒಂಟಿ ಹಲ್ಲಿನ ಪಕ್ಕದ ಚೀಟಿಯಲ್ಲಿ ‘ಬೇಟೆಗಾರ ಮೀನು, ಬಳಗ ಅನಿಶ್ಚಿತ’ ಎಂದಷ್ಟೇ ಬರೆದಿದ್ದರೆ ನಿರಾಶರಾಗಬೇಡಿ. ಬರೆದವರು ಆ ಹಲ್ಲು ಹೇಳಬಲ್ಲಷ್ಟನ್ನು ಮಾತ್ರ ಹೇಳಿದ್ದಾರೆ.