ಚೀನೀ ಭಾಷಿಕರಿಗೆ ‘ಯುನೀಕ್’ ಕಲಿಸುವಾಗ

12 ಮಾರ್ಚ್ 2024, ಮಂಗಳವಾರ
ಸಿಂಗಪುರ

ಇಂದು ಸಂಜೆಯ ತರಗತಿಯ ಬಹುಪಾಲು ಸಮಯ ‘ಯುನೀಕ್’ ಎಂಬ ಒಂದೇ ಗುಣವಾಚಕಕ್ಕೆ ಹೋಯಿತು. ಚೀನಾದಿಂದ ಇಲ್ಲಿಗೆ ದುಡಿಯಲು ಬಂದಿರುವ ನನ್ನ ವಿದ್ಯಾರ್ಥಿಗಳು ತಮ್ಮ ಊರಿನ ಬಗ್ಗೆ ಬರೆದು ತಂದಿದ್ದ ಇಂಗ್ಲಿಷ್ ಪ್ರಬಂಧಗಳಲ್ಲಿ ಈ ಪದ ಮತ್ತೆ ಮತ್ತೆ ಬಂದಿತ್ತು. 1974ರಲ್ಲಿ ಷಿಯಾನ್ ನಗರದ ಬಳಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಪ್ರತಿಮೆಗಳ ಸೈನ್ಯವೂ ‘ವೆರಿ ಯುನೀಕ್’, ಸಿಚುವಾನ್ ಪ್ರಾಂತ್ಯದ ಅಡುಗೆಯೂ ‘ವೆರಿ ಯುನೀಕ್’.

ಲ್ಯಾಟಿನ್ ಭಾಷೆಯ ‘ಒಂದು’ ಎಂಬ ಮೂಲದಿಂದ ಹುಟ್ಟಿ ಫ್ರೆಂಚಿನ ಮೂಲಕ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಈ ಪದಕ್ಕೆ ‘ವೆರಿ’ ಸೇರಿಸಬಾರದು, ಇರುವುದೇ ಒಂದಾದಾಗ ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ ಎಂದು ಹಳೆಯ ವ್ಯಾಕರಣ ಪಾಠ ಹೇಳುತ್ತದೆ. ಆ ನಿಯಮವನ್ನಷ್ಟೇ ಹೇಳಿ ಕೆಂಪು ಗೆರೆ ಎಳೆದರೆ ಇವರಿಗೆ ಪ್ರಯೋಜನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇವರ ‘ವೆರಿ’ ಹುಟ್ಟುವುದು ಬೇರೆಡೆ. ಚೀನೀ ಭಾಷೆಯಲ್ಲಿ ಗುಣವಾಚಕವೊಂದೇ ವಾಕ್ಯದ ಕೊನೆಯಲ್ಲಿ ನಿಂತರೆ ಮತ್ತಾವುದರೊಡನೆಯೋ ಹೋಲಿಸುತ್ತಿರುವಂತೆ, ಮಾತು ಅರ್ಧಕ್ಕೆ ನಿಂತಂತೆ ಕೇಳಿಸುತ್ತದೆ. ಆದ್ದರಿಂದ ಅದಕ್ಕೆ ಮೊದಲು ‘ಹನ್’ ಎಂಬ ಪದವನ್ನು ಇಡುವುದು ರೂಢಿ. ನಿಘಂಟಿನಲ್ಲಿ ಅದಕ್ಕೆ ‘ಬಹಳ’ ಎಂಬ ಅರ್ಥವಿದ್ದರೂ ಒತ್ತಿಲ್ಲದೆ ಉಚ್ಚರಿಸಿದಾಗ ಅದು ಬಹುಮಟ್ಟಿಗೆ ವಾಕ್ಯಕ್ಕೆ ಆಸರೆಯಾಗಿ ನಿಲ್ಲುತ್ತದೆ, ಅಷ್ಟೆ. ‘ಹನ್ ತು-ಥ’ ಎಂದು ಯೋಚಿಸಿದವರ ಲೇಖನಿಯಿಂದ ‘ವೆರಿ ಯುನೀಕ್’ ಬರುವುದು ತೀರ ಸಹಜ.

‘ತು-ಥ’ ಎಂದರೆ ತನ್ನದೇ ಆದ ವೈಶಿಷ್ಟ್ಯವುಳ್ಳದ್ದು. ಅದರಲ್ಲಿ ಹೆಚ್ಚು ಕಡಿಮೆ ಇರಬಹುದು. ‘ತು-ಯಿ-ವು-ಅರ್’ ಎಂಬ ನಾಲ್ಕಕ್ಷರದ ನುಡಿಗಟ್ಟು ಇನ್ನೊಂದು: ಒಂದೇ ಒಂದು, ಎರಡನೆಯದಿಲ್ಲ. ನಮ್ಮ ‘ಅದ್ವಿತೀಯ’ದ ಕಟ್ಟಡವೂ ಇದೇ. ಇಂಗ್ಲಿಷ್ ಅರ್ಥ ಹುಡುಕಿದರೆ ಎರಡಕ್ಕೂ ‘ಯುನೀಕ್’ ಸಿಗುತ್ತದೆ, ತೊಡಕು ಅಲ್ಲಿಯೇ ಇದೆ. ಮೊದಲನೆಯ ಅರ್ಥಕ್ಕೆ ‘ಡಿಸ್ಟಿಂಕ್ಟಿವ್’ ಬಳಸಿ, ಅದಕ್ಕೆ ‘ವೆರಿ’ ಧಾರಾಳವಾಗಿ ಸೇರಿಸಿ, ಎರಡನೆಯದಕ್ಕೆ ಮಾತ್ರ ‘ಯುನೀಕ್’ ಉಳಿಸಿಕೊಳ್ಳಿ ಎಂದು ಹೇಳಿದಾಗ ತರಗತಿಯಲ್ಲಿ ಹಲವರು ತಲೆಯಾಡಿಸಿದರು. ಆಡುಮಾತಿನಲ್ಲಿ ಇಂಗ್ಲಿಷರೇ ‘ವೆರಿ ಯುನೀಕ್’ ಎನ್ನುವುದುಂಟೆಂಬುದನ್ನೂ ನಾನು ಮುಚ್ಚಿಡಲಿಲ್ಲ. ಆದರೆ ಪರೀಕ್ಷೆಯ ಬರವಣಿಗೆಯಲ್ಲಿ ‘ಟ್ರೂಲಿ’ ಅಥವಾ ‘ಆಲ್ಮೋಸ್ಟ್’ ಹೆಚ್ಚು ಕ್ಷೇಮ.

ಮೂರನೆಯದು ‘ವೇ-ಯಿ’, ಅಂದರೆ ಏಕೈಕ. ಒಬ್ಬರು ತಮ್ಮನ್ನು ತಂದೆತಾಯಿಯ ‘ಯುನೀಕ್ ಚೈಲ್ಡ್’ ಎಂದು ಬರೆದಿದ್ದರು. 1980ರ ಸುಮಾರಿನಿಂದ 2015ರ ಕೊನೆಯವರೆಗೆ ಕುಟುಂಬಕ್ಕೆ ಒಂದೇ ಮಗುವೆಂಬ ನೀತಿಯಿದ್ದ ದೇಶದಲ್ಲಿ ಬೆಳೆದವರು ಆಗಾಗ ಬರೆಯಬೇಕಾಗುವ ವಾಕ್ಯವಿದು, ಇಲ್ಲಿ ಬೇಕಾದದ್ದು ‘ಓನ್ಲಿ’.

ಉಚ್ಚಾರಣೆಯ ಕಷ್ಟ ಎಲ್ಲರಿಗೂ ಒಂದೇ ಅಲ್ಲ. ಚೀನಾದ ಪ್ರಮಾಣಭಾಷೆಯಾದ ಮ್ಯಾಂಡರಿನ್ನಿನ ಉಚ್ಚಾರಾಂಶಗಳು ಕಕಾರದಲ್ಲಿ ಮುಗಿಯುವುದಿಲ್ಲವಾದ್ದರಿಂದ ಅದನ್ನಾಡುವವರ ಬಾಯಲ್ಲಿ ಕೊನೆಗೊಂದು ಸ್ವರ ಸೇರಿ ‘ಯುನೀಕ’ ಎಂದಾಗುತ್ತದೆ. ದಕ್ಷಿಣ ಚೀನಾದ ಕ್ಯಾಂಟನೀಸ್ ಮಾತನಾಡುವವರಿಗೆ ಆ ಅಂತ್ಯ ಮನೆಮಾತಿನಲ್ಲಿಯೇ ಇದೆ. ಬರೆಯುವಾಗ ಸ್ವರಾಕ್ಷರ ಕಂಡು ‘ಆ್ಯನ್ ಯುನೀಕ್’ ಎಂದವರಿಗೆ, ಕಣ್ಣಿಗಲ್ಲ, ಕಿವಿಗೆ ಕೇಳುವ ಯಕಾರಕ್ಕೆ ಬೆಲೆ ಕೊಡಬೇಕೆಂದು ತಿಳಿಸಿದೆ.

ಅತ್ಯಂತ ಉಪಯುಕ್ತವಾಗಿ ಕಂಡದ್ದು ‘ಯುನೀಕ್ ಟು’ ಎಂಬ ಬಳಕೆ. ಕಾಡಿನಲ್ಲಿ ಬದುಕುವ ದೈತ್ಯ ಪಾಂಡಾ ಇರುವುದು ಸಿಚುವಾನ್, ಷಾನ್ಷಿ, ಗಾನ್ಸು ಪ್ರಾಂತ್ಯಗಳಲ್ಲಿ ಮಾತ್ರ, ಆದ್ದರಿಂದ ಅದು ‘ಯುನೀಕ್ ಟು ಚೈನಾ’ ಎಂಬುದರಲ್ಲಿ ತಕರಾರಿಲ್ಲ. ನಾಲಿಗೆ ಜುಮ್ಮೆನಿಸುವ ಸಿಚುವಾನ್ ಮೆಣಸಿನ ರುಚಿಯೂ ಹಾಗೆಯೇ ಎಂದು ಸಿಚುವಾನಿನ ರಾಜಧಾನಿ ಚೆಂಗ್ಡುವಿನ ವಿದ್ಯಾರ್ಥಿನಿ ವಾದಿಸಿದರು. ಅದೇ ಕುಲಕ್ಕೆ ಸೇರಿದ ಜುಮ್ಮನಕಾಯಿ ನಮ್ಮ ಕರಾವಳಿಯಲ್ಲಿ ಬೆಳೆಯುತ್ತದೆ, ಕೊಂಕಣಿಗರು ಅದನ್ನು ತೆಪ್ಪಳ್ ಎಂದು ಕರೆದು ಮೀನಿನ ಸಾರಿಗೆ ಹಾಕುತ್ತಾರೆ ಎಂದು ನಾನು ವಿವರಿಸಿದೆ. ಅವರು ಕುತೂಹಲದಿಂದ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ವಾಕ್ಯದಲ್ಲಿದ್ದ ‘ಯುನೀಕ್’ ಹೊಡೆದುಹಾಕಿ ಅಲ್ಲಿ ‘ಡಿಸ್ಟಿಂಕ್ಟಿವ್’ ಎಂದು ಬರೆದರು.