ದಾಲ್ ಢೋಕ್ಲಿಗೆ ಬೆಲ್ಲ ಹಾಕಲೇಬೇಕಾ?

ಹಾಕಲೇಬೇಕು. ನಾಲ್ಕು ಜನಕ್ಕೆ ಮಾಡುವ ದಾಲ್ ಢೋಕ್ಲಿಗೆ ಎರಡು ದೊಡ್ಡ ಚಮಚ ಪುಡಿ ಬೆಲ್ಲ, ಅಂದರೆ ಹೆಚ್ಚುಕಡಿಮೆ 25 ಗ್ರಾಂ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಹುಳಿ-ಸಿಹಿ ತೊಗರಿಬೇಳೆ ದಾಲ್ ಕುದಿಯುವಾಗ ಅದರಲ್ಲಿ ಗೋಧಿ ಹಿಟ್ಟಿನ ತೆಳು ತುಂಡುಗಳನ್ನು ಬೇಯಿಸಿದರೆ ಅದೇ ದಾಲ್ ಢೋಕ್ಲಿ. ಗುಜರಾತಿ ಮನೆಗಳಲ್ಲಿ ಇದೊಂದೇ ಪೂರ್ತಿ ಊಟ. ಅನ್ನ ಬೇಡ, ರೊಟ್ಟಿ ಬೇಡ, ಪಲ್ಯ ಬೇಡ. ಹಬೆಯಲ್ಲಿ ಬೇಯಿಸುವ ಢೋಕ್ಳಾಗೂ ಇದಕ್ಕೂ ಸಂಬಂಧವಿಲ್ಲ.

ಬೆಲ್ಲ ಬೇಕಾ ಅಂತ ಕೇಳಿದರೆ ನನಗೇನೂ ಬೇಸರವಿಲ್ಲ. ಆದರೆ ಮುಖ ಕಿವುಚಿಕೊಂಡು "ಬೇಳೆಗೆ ಯಾರಾದರೂ ಬೆಲ್ಲ ಹಾಕ್ತಾರಾ?" ಅನ್ನುತ್ತಾರಲ್ಲ, ಅದಕ್ಕೆ ಸಿಟ್ಟು ಬರುತ್ತದೆ. ಹಾಗೆ ಕೇಳುವವರು ಕನ್ನಡದವರೇ! ಉಡುಪಿ ಸಾರಿಗೆ ಚೂರು ಬೆಲ್ಲ ಬೀಳದಿದ್ದರೆ ರುಚಿ ಕೂಡುವುದಿಲ್ಲ. ಮೈಸೂರು, ಬೆಂಗಳೂರಿನ ಎಷ್ಟೋ ಮನೆಗಳ ಹುಳಿಯಲ್ಲೂ ಬೆಲ್ಲ ಇದ್ದೇ ಇರುತ್ತದೆ. ನಮ್ಮ ಸಾರಿನಲ್ಲಿ ಹದ ಅನ್ನಿಸಿದ್ದು ಅವರ ದಾಲ್‌ನಲ್ಲಿ ವಿಚಿತ್ರ ಹೇಗಾದೀತು?

ಬೆಲ್ಲ ಇರುವುದು ದಾಲನ್ನು ಪಾಯಸ ಮಾಡಲಿಕ್ಕಲ್ಲ, ಹುಳಿಗೆ ಜೋಡಿಯಾಗಲಿಕ್ಕೆ. ಒಂದನ್ನು ತೆಗೆದರೆ ಇನ್ನೊಂದೂ ಕೆಡುತ್ತದೆ. ಕುದಿದ ದಾಲನ್ನು ನಾಲಿಗೆಗೆ ಬಿಟ್ಟುಕೊಂಡಾಗ ಮೊದಲು ಹುಳಿ ತಾಗಬೇಕು, ಹಿಂದೆಯೇ ಸಿಹಿ ಬರಬೇಕು, ನುಂಗಿದ ಮೇಲೆ ಗಂಟಲಲ್ಲಿ ಶುಂಠಿ ಮತ್ತು ಹಸಿಮೆಣಸಿನ ಖಾರ ಉಳಿಯಬೇಕು. ಸಿಹಿಯೇ ಮೊದಲು ಬಂದರೆ ಬೆಲ್ಲ ಜಾಸ್ತಿಯಾಗಿದೆ, ಅರ್ಧ ನಿಂಬೆಹಣ್ಣು ಹಿಂಡಿ. ಗುಜರಾತಿನಲ್ಲೂ ಎಲ್ಲ ಕಡೆ ಒಂದೇ ಅಳತೆ ಇಲ್ಲ. ಸೌರಾಷ್ಟ್ರದ ಕಡೆ ಬೆಲ್ಲ ಇಳಿದು ಬೆಳ್ಳುಳ್ಳಿ, ಖಾರ ಏರುತ್ತದೆ. ಮದುವೆ ಮನೆಯ ದಾಲ್‌ಗೆ ಸುವರ್ಣಗಡ್ಡೆ ಬೀಳುತ್ತದೆ, ಒಣ ಖರ್ಜೂರವೂ ಬೀಳುತ್ತದೆ.

ಹುಳಿ ಅಂದರೆ ಕೋಕಮ್. ಹೆಸರು ಕೇಳಿ ದೂರದ್ದು ಅಂದುಕೊಳ್ಳಬೇಡಿ, ಇದು ನಮ್ಮ ದಕ್ಷಿಣ ಕನ್ನಡದ ಪುನರ್ಪುಳಿ, ಉತ್ತರ ಕನ್ನಡದ ಮುರುಗಲು. ಪಶ್ಚಿಮ ಘಟ್ಟದ ಮರ. ಒಣಗಿಸಿದ ಸಿಪ್ಪೆ ಐದಾರು ಸಾಕು. ಉಪ್ಪು ಹಚ್ಚಿ ಒಣಗಿಸಿದ್ದಾದರೆ ದಾಲ್‌ನ ಉಪ್ಪನ್ನು ಆಮೇಲೆ ರುಚಿ ನೋಡಿ ಹಾಕಿ. ಹುಣಸೆಹಣ್ಣೂ ನಡೆಯುತ್ತದೆ, ಆದರೆ ದಾಲ್ ಕಪ್ಪಾಗಿ ನಮ್ಮ ಹುಳಿಯ ರುಚಿಗೇ ಬಂದು ನಿಲ್ಲುತ್ತದೆ. ಯಾವ ಹುಳಿಯೇ ಆಗಲಿ, ಬೇಳೆ ಪೂರ್ತಿ ಬೆಂದ ಮೇಲೆ ಹಾಕಿ. ಕುಕ್ಕರಿನಲ್ಲೇ ಹುಳಿ, ಟೊಮೆಟೊ ಸೇರಿಸಿದರೆ ಬೇಳೆ ಮೆತ್ತಗಾಗಲು ಸತಾಯಿಸುತ್ತದೆ. ಬೋರ್‌ವೆಲ್‌ನ ಗಡಸು ನೀರೂ ಅದೇ ಕಾಟ ಕೊಡುತ್ತದೆ. ಅಂಥ ನೀರಾದರೆ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಕುಡಿಯುವ ನೀರಲ್ಲೇ ಬೇಯಿಸಿ.

ಇಷ್ಟೆಲ್ಲ ಬೆಲ್ಲದ ಬಗ್ಗೆ. ಬೆಲ್ಲ ತಪ್ಪಿದರೆ ನಿಂಬೆಹಣ್ಣಿನಲ್ಲಿ ಸರಿಮಾಡಬಹುದು. ಈ ಅಡುಗೆ ನಿಜಕ್ಕೂ ಕೆಡುವುದು ನೀರಿನಲ್ಲಿ, ಅದನ್ನು ಮಾತ್ರ ಯಾರೂ ಕೇಳುವುದಿಲ್ಲ. "ಢೋಕ್ಲಿ ಹಾಕುವ ಹೊತ್ತಿಗೆ ದಾಲ್ ಎಷ್ಟು ತೆಳ್ಳಗಿರಬೇಕು?" ಅಂತ ಒಬ್ಬರಾದರೂ ಕೇಳಿದರೆ ಕೂರಿಸಿ ಹೇಳಿಕೊಡುತ್ತೇನೆ.

ತಿಳಿಸಾರಿನಷ್ಟು ತೆಳ್ಳಗಿರಬೇಕು. ಅರ್ಧ ಕಪ್ ತೊಗರಿಬೇಳೆಗೆ, ಅಂದರೆ 100 ಗ್ರಾಂಗೆ, ಒಟ್ಟು ಆರು ಕಪ್ ನೀರು. ಒಂದೂವರೆ ಕಪ್ ಕುಕ್ಕರಿನಲ್ಲಿ, ನಾಲ್ಕು ವಿಸಿಲ್. ಬೆಂದ ಬೇಳೆಯನ್ನು ಒಂದು ಕಾಳೂ ಉಳಿಯದ ಹಾಗೆ ಕಡಗೋಲಿನಲ್ಲಿ ಕಡೆದು, ಮಿಕ್ಕ ನಾಲ್ಕೂವರೆ ಕಪ್ ಬಿಸಿನೀರು ಸೇರಿಸಿ. ಸೌಟು ಎತ್ತಿದರೆ ದಾಲ್ ಸರ್ರನೆ ಇಳಿದುಹೋಗಬೇಕು, ಸೌಟಿಗೆ ದಪ್ಪಗೆ ಮೆತ್ತಿಕೊಳ್ಳಬಾರದು. ಇದೇನು ನೀರುನೀರು ಅಂತ ಭಯವಾಗುತ್ತದೆ, ಆಗಲಿ. ಹಸಿ ಹಿಟ್ಟು ಬೇಯುತ್ತಾ ನೀರು ಕುಡಿಯುತ್ತದೆ. ಲಟ್ಟಿಸುವಾಗ ಮೆತ್ತಿದ ಒಣಹಿಟ್ಟೂ ಕರಗಿ ದಾಲನ್ನು ಗಟ್ಟಿ ಮಾಡುತ್ತದೆ. ಒಲೆ ಆರಿಸಿದ ಮೇಲೂ ಅದು ಬಿಗಿಯುತ್ತಲೇ ಇರುತ್ತದೆ. ಮೊದಲೇ ಗಟ್ಟಿ ದಾಲ್‌ಗೆ ಹಾಕಿದರೆ ತುಂಡಿನ ಹೊರಮೈ ಅಂಟಾಗಿ, ಒಳಗೆ ಹಸಿ ಉಳಿದು, ತಳ ಹಿಡಿಯುತ್ತದೆ.

ಇನ್ನು ಒಗ್ಗರಣೆ. ಒಂದು ಚಮಚ ಎಣ್ಣೆ, ಒಂದು ಚಮಚ ತುಪ್ಪ, ಸಾಸಿವೆ, ಜೀರಿಗೆ, ಕಾಲು ಟೀ ಚಮಚ ಮೆಂತ್ಯ, ಮೂರು ಲವಂಗ, ಒಂದಿಂಚು ಚಕ್ಕೆ, ಎರಡು ಒಣಮೆಣಸಿನಕಾಯಿ, ಇಂಗು, ಕರಿಬೇವು. ಮೆಂತ್ಯ ಕಪ್ಪಾದರೆ ಇಡೀ ಪಾತ್ರೆ ಕಹಿ, ಹೊಂಬಣ್ಣಕ್ಕೆ ತಿರುಗುತ್ತಲೇ ಮಿಕ್ಕಿದ್ದನ್ನು ಹಾಕಿಬಿಡಿ. ಇದನ್ನು ದಾಲ್‌ಗೆ ಸುರಿದು ಅರಿಶಿನ, ಧನಿಯಾ-ಜೀರಿಗೆ ಪುಡಿ, ಜಜ್ಜಿದ ಶುಂಠಿ-ಹಸಿಮೆಣಸು, ಒಂದು ಟೊಮೆಟೊ, ಬೇಯಿಸಿದ ಎರಡು ಚಮಚ ಕಡಲೆಕಾಯಿ ಬೀಜ, ಕೋಕಮ್, ಬೆಲ್ಲ, ಉಪ್ಪು ಹಾಕಿ ಹತ್ತು ನಿಮಿಷ ಚೆನ್ನಾಗಿ ಕುದಿಸಿ.

ಢೋಕ್ಲಿಗೆ ಒಂದು ಕಪ್ ಗೋಧಿ ಹಿಟ್ಟು, ಒಂದು ದೊಡ್ಡ ಚಮಚ ಕಡಲೆ ಹಿಟ್ಟು, ಕಾಲು ಟೀ ಚಮಚ ಓಂಕಾಳು, ಅರಿಶಿನ, ಅಚ್ಚಖಾರದ ಪುಡಿ, ಉಪ್ಪು, ಎರಡು ಟೀ ಚಮಚ ಎಣ್ಣೆ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಚಪಾತಿಯಷ್ಟೇ ತೆಳ್ಳಗೆ ಲಟ್ಟಿಸಿ, ಬಿಸಿ ಕಾವಲಿಯ ಮೇಲೆ ಎರಡೂ ಬದಿ ಹತ್ತತ್ತು ಸೆಕೆಂಡ್ ಇಟ್ಟು ತೆಗೆಯಿರಿ. ಹಸಿ ಬಣ್ಣ ಹೋದರೆ ಸಾಕು, ಕಂದು ಚುಕ್ಕೆ ಬರಬಾರದು. ಎಲ್ಲರೂ ಹೀಗೆ ಬಾಡಿಸುವುದಿಲ್ಲ, ಆದರೆ ಬಾಡಿಸಿದರೆ ತುಂಡುಗಳು ಒಂದಕ್ಕೊಂದು ಅಂಟುವುದು ಬಹಳ ಕಮ್ಮಿ. ಆಮೇಲೆ ಶಂಕರಪೋಳಿ ಆಕಾರಕ್ಕೆ ಕತ್ತರಿಸಿ.

"ನಿನ್ನೆಯ ಚಪಾತಿ ಉಳಿದಿದೆ, ಅದನ್ನೇ ಹಾಕಬಹುದಾ?" ಅಂತಲೂ ಕೇಳುತ್ತಾರೆ. ಬೇಡ. ಪೂರ್ತಿ ಬೆಂದ ಚಪಾತಿ ದಾಲ್‌ನಲ್ಲಿ ನೆಂದು ಮುದ್ದೆಯಾಗುತ್ತದೆ, ಢೋಕ್ಲಿಯ ಹಾಗೆ ಹಲ್ಲಿಗೆ ಸಿಗುವುದಿಲ್ಲ. ಉಳಿದ ಚಪಾತಿಗೆ ಗುಜರಾತಿಗಳಲ್ಲೇ ಬೇರೆ ಅಡುಗೆ ಇದೆ. ಒಗ್ಗರಣೆ ಹಾಕಿದ ಮಜ್ಜಿಗೆಯಲ್ಲಿ ಚೂರು ಮಾಡಿ ಬೇಯಿಸುತ್ತಾರೆ, ವಘಾರೇಲಿ ರೋಟ್ಲಿ ಅಂತ ಅದರ ಹೆಸರು.

ದಾಲ್ ಕೊತಕೊತ ಕುದಿಯುವಾಗಲೇ ತುಂಡುಗಳನ್ನು ಒಂದೊಂದಾಗಿ, ಬೇರೆ ಬೇರೆ ಜಾಗಕ್ಕೆ ಬಿಡಿ. ಒಂದು ನಿಮಿಷ ಸೌಟು ತಾಗಿಸಬೇಡಿ, ಆಮೇಲೆ ತಳದಿಂದ ಮೆಲ್ಲಗೆ ತಿರುವಿ. ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಕು. ಬೆಂದಿತೋ ಇಲ್ಲವೋ ಅನ್ನುವುದನ್ನು ಗಡಿಯಾರಕ್ಕೆ ಬಿಡಬೇಡಿ. ಒಂದು ತುಂಡನ್ನು ತಟ್ಟೆಗೆ ತೆಗೆದು ಚಮಚದ ಅಂಚಿನಿಂದ ಕತ್ತರಿಸಿ, ಕತ್ತರಿಸಿದ ಬದಿಯನ್ನು ನೋಡಿ. ನಡುವೆ ದಾರದಂತೆ ಒಂದು ಬಿಳಿ ಗೆರೆ ಕಂಡರೆ ಅದು ಹಸಿ ಹಿಟ್ಟು, ಇನ್ನೂ ಎರಡು ನಿಮಿಷ ಬೇಯಲಿ. ಗೆರೆ ಮಾಯವಾಗಿ ಅಂಚಿನಿಂದ ಅಂಚಿಗೆ ಒಂದೇ ಬಣ್ಣ ಬಂದಿದ್ದರೆ ಒಲೆ ಆರಿಸಿ. ನಡುವೆ ದಾಲ್ ಬಿಗಿದರೆ ಕುದಿಯುವ ನೀರನ್ನೇ ಹಾಕಿ. ತಣ್ಣೀರು ಹಾಕಿದರೆ ಕುದಿ ನಿಂತು ತುಂಡುಗಳು ಒಟ್ಟಿಗೆ ಕೂತುಬಿಡುತ್ತವೆ.

ಐದು ನಿಮಿಷ ಬಿಟ್ಟು, ಕೊತ್ತಂಬರಿ ಉದುರಿಸಿ, ಅಗಲ ಬಟ್ಟಲಿಗೆ ಬಡಿಸಿ ಮೇಲೊಂದು ಚಮಚ ತುಪ್ಪ ಹಾಕಿ. ರಾತ್ರಿಗೆ ಉಳಿದರೆ ಗಡ್ಡೆ ಕಟ್ಟಿರುತ್ತದೆ, ಅದು ಕೆಟ್ಟಿದ್ದಲ್ಲ. ಒಂದು ಕಪ್ ಬಿಸಿನೀರು, ಚಿಟಿಕೆ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಸಡಿಲಿಸಿ.